ಅವರ ನೋವಿಗೆ ನಾನು ಹೇಳಿದ ನಂಬರು

ಡೊಂಬಿವಲಿ ಪೂರ್ವ
೨ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಸುಂದರಿ,

ನಿನ್ನ ಮಗರಾಯ ಮನೀಶನ ಕೈಯಲ್ಲಿ ಇವರ ಬೆನ್ನಿನ ಎಣ್ಣೆಗೆಂದು ನೀನು ಕಳಿಸಿದ ನೆಕ್ಕಿ ಸೊಪ್ಪಿನ ಕಟ್ಟೂ ಅದರೊಳಗೆ ಮಡಚಿಟ್ಟಿದ್ದ ಚೀಟಿಯೂ ತಲುಪಿ ತಿಂಗಳ ಮೇಲಾಯಿತು. "ಬದುಕಿದ್ದೀಯಾ ಇಲ್ಲವಾ, ಅಷ್ಟು ಬರಿ ಸಾಕು" ಎಂದು ಬರೆದಿದ್ದೆ. ಬದುಕಿದ್ದೇನೆ ಮಾರಾಯ್ತಿ. ತಡಮಾಡಿದ್ದಕ್ಕೆ ನಾಲ್ಕು ಬೈದುಬಿಡು, ಆಮೇಲೆ ಕನ್ನಡಕ ಹಾಕಿಕೊಂಡು ಕೂತು ಓದು. ನಿನ್ನ ಮೊಣಕಾಲು ಹೇಗಿದೆ, ಮೊಮ್ಮಗಳು ಪ್ರೇಕ್ಷಾಳ ಪರೀಕ್ಷೆ ಹೇಗಾಯಿತು, ಟಿಟ್ವಾಳಾದಲ್ಲಿ ನೀರು ದಿನಾ ಬರುತ್ತಿದೆಯಾ ಎಂದು ಕೇಳಬೇಕಾದದ್ದನ್ನೆಲ್ಲ ಕೇಳಿದ್ದೇನೆ ಎಂದೇ ತಿಳಿದುಕೋ. ಇವತ್ತು ನನಗೆ ನನ್ನದೇ ಹೇಳಿಕೊಳ್ಳುವುದು ಬಹಳವಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮದು ಒಂದು ರೂಮು, ಒಂದು ಕಿಚನ್. ಒಗ್ಗರಣೆಯ ಸಾಸಿವೆ ಸಿಡಿದದ್ದೂ ಇವರಿಗೆ ಕೇಳಿಸುತ್ತದೆ. ನಿನ್ನ ಫೋನೋ ಯಾವಾಗಲೂ ಸ್ಪೀಕರಿನ ಮೇಲೆ. ಈಗ ಇವರು ಕೆಳಗೆ ಸೊಸೈಟಿಯ ಅಂಗಳದಲ್ಲಿ ಇಪ್ಪತ್ತು ಸುತ್ತು ನಡೆಯಲು ಹೋಗಿದ್ದಾರೆ. ಹೌದು, ಇಪ್ಪತ್ತು ಸುತ್ತು, ಕೋಲಿಲ್ಲದೆ. ಎಡಗಾಲು ಸ್ವಲ್ಪ ಎಳೆಯುತ್ತದೆ, ಅಷ್ಟೇ. ಹೋದ ದೀಪಾವಳಿಯ ಹೊತ್ತಿಗೆ ಬಚ್ಚಲಿಗೆ ಹೋಗಲೂ ನನ್ನ ಹೆಗಲು ಬೇಕಾಗಿದ್ದ ಮನುಷ್ಯ.

ಜನವರಿ ಇಪ್ಪತ್ತೊಂದಕ್ಕೆ ಬೆನ್ನಿನ ಆಪರೇಷನ್ ಆಯಿತು. ನರವನ್ನು ಒತ್ತುತ್ತಿದ್ದ ಎಲುಬನ್ನು ಕೆರೆದು ತೆಗೆದು, ಎರಡು ಮಣಿಗಳನ್ನು ಸ್ಕ್ರೂ ಹಾಕಿ ಕೂಡಿಸಿದ್ದಾರೆ. ಬಿಲ್ಡಿಂಗಿನವರೆಲ್ಲ ಬಂದು ನೋಡಿಕೊಂಡು ಹೋದರು. ಮೂರನೇ ಮಾಳಿಗೆಯ ಅಂಬಾರಾಯರು ಪೇಡೆ ತಂದಿದ್ದರು. ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು ಇಷ್ಟು ವರ್ಷದ ನಿಮ್ಮ ಸೇವೆ ಫಲಿಸಿತು ಎನ್ನುತ್ತಾರೆ. ನಾನು ನಗುತ್ತೇನೆ, ಚಹಾ ಕೊಡುತ್ತೇನೆ, ಒಳಗೆ ಹೋಗಿ ಪಾತ್ರೆ ಕುಕ್ಕುತ್ತೇನೆ. ನಿನ್ನ ಹತ್ತಿರ ಏನು ಮುಚ್ಚುಮರೆ ಸುಂದರಿ, ನನಗೆ ಹೊಟ್ಟೆಕಿಚ್ಚಾಗಿದೆ. ಅರವತ್ತೆರಡನೇ ವಯಸ್ಸಿನಲ್ಲಿ, ನಮ್ಮ ಮಗಳು ಅನುಷ್ಕಾಗಿಂತ ಎರಡು ವರ್ಷ ಚಿಕ್ಕವಳಾದ ಒಬ್ಬ ಡಾಕ್ಟರ್ ಹುಡುಗಿಯ ಮೇಲೆ. ನಗಬೇಡ.

ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಗಂಡಸು, ಬರುತ್ತಾರೆ, ಚೀಟಿ ನೋಡುತ್ತಾರೆ, ಹೋಗುತ್ತಾರೆ. ಅವರ ತಂಟೆಗೆ ನಾನಿಲ್ಲ. ನಾನು ಹೇಳುತ್ತಿರುವುದು ಅರಿವಳಿಕೆ ಕೊಡುವವಳ ಮಾತು. ಹೆಸರು ಮಾನಸಿ. ಕೂದಲನ್ನು ಮೇಲಕ್ಕೆತ್ತಿ ಒಂದು ಕ್ಲಿಪ್ ಸಿಕ್ಕಿಸಿಕೊಂಡಿರುತ್ತಾಳೆ, ಓಡುವವರು ಹಾಕುವ ಬೂಟು ಹಾಕಿಕೊಂಡಿರುತ್ತಾಳೆ, ನಗುವಾಗ ಕಣ್ಣು ಮುಚ್ಚಿಹೋಗುತ್ತದೆ. ಮರಾಠಿಯವಳು, ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು.

ಅವಳನ್ನು ಮೊದಲು ಕಂಡದ್ದು ಆಪರೇಷನ್ನಿಗೆ ವಾರ ಮೊದಲು. ಅನುಷ್ಕಾಳ ಮನೆ ಘೋಡಬಂದರ್ ರಸ್ತೆಯಲ್ಲಿ ತಾನೆ, ಅವಳೇ ಹತ್ತಿರದ ಆಸ್ಪತ್ರೆ ಗೊತ್ತುಮಾಡಿದ್ದಳು. ಅರಿವಳಿಕೆಗೆ ಮುಂಚೆ ಒಂದು ತಪಾಸಣೆ ಇರುತ್ತದೆ. ಆ ಹುಡುಗಿ ಇವರನ್ನು ಕೂರಿಸಿ, ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ನಿಮ್ಮ ನೋವು ಎಷ್ಟು ಎಂದು ಕೇಳಿದಳು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ್ದು. ಇವರ ಬಾಯಿ ನಿನಗೆ ಗೊತ್ತಲ್ಲ. ಠಾಣೆಯ ಹೋಟೆಲಿನ ಹಣದ ಗಲ್ಲೆಯಲ್ಲಿ ಮೂವತ್ತನಾಲ್ಕು ವರ್ಷ ಗಿರಾಕಿಗಳ ಮುಂದೆ ನಗುತ್ತ ಕೂತವರು. "ಠೀಕ್ ಹೈ, ಚಲ್ತಾ ಹೈ" ಎಂದರು. ಕುರ್ಚಿಯ ಹಿಡಿ ಹಿಡಿದುಕೊಂಡಿದ್ದ ಬೆರಳು ಬೆಳ್ಳಗಾಗಿದ್ದವು. ಅವಳು ಆ ಬೆರಳು ನೋಡಿದಳು, ನನ್ನ ಕಡೆ ತಿರುಗಿದಳು.

"ಕಾಕಾ ಖರಂ ಸಾಂಗತ ನಾಹೀತ. ಕಾಕು, ತುಮ್ಹೀ ಸಾಂಗಾ" ಎಂದಳು.

ಇವರು ನಿಜ ಹೇಳುವುದಿಲ್ಲ, ನೀವು ಹೇಳಿ ಎಂದು ಕೇಳಿದಳಲ್ಲ, ನನಗೆ ಅಭಿಮಾನವೇ ಆಯಿತು. ಒಂಬತ್ತು ಎಂದೆ. ಅವಳು ಒಂಬತ್ತು ಎಂದು ಬರೆದು ಕೆಳಗೆ ಗೀಟು ಎಳೆದಳು. ಇನ್ನು ಮುಂದೆ ಕಾಕಾರ ನಂಬರನ್ನು ಕಾಕುವಿನಿಂದಲೇ ಕೇಳುವುದು ಎಂದು ಫೈಲಿನ ಮೇಲೆಯೂ ಬರೆಸಿದಳು. ಆವತ್ತು ನನಗೆ ಆ ಹುಡುಗಿ ಇಷ್ಟವಾದಳು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಇವರಿಗೆ ತಾನು ಏನು ಮಾಡುತ್ತೇನೆಂದು ಬಿಡಿಸಿ ಹೇಳತೊಡಗಿದಳು. ಹಿಂದೆಲ್ಲ ಒಂದೇ ಜೋರಾದ ಮದ್ದನ್ನು ತುಂಬ ಕೊಟ್ಟು ನೋವನ್ನು ಅಡಗಿಸುತ್ತಿದ್ದರಂತೆ. ವಾಂತಿ, ತಲೆಸುತ್ತು, ಉಸಿರು ನಿಧಾನವಾಗುವುದು ಎಲ್ಲ ಅದರಿಂದಲೇ ಆಗುತ್ತಿತ್ತಂತೆ. ಅವಳು ಮೂರು ನಾಲ್ಕು ಮದ್ದುಗಳನ್ನು ಸ್ವಲ್ಪ ಸ್ವಲ್ಪವೇ ಕೂಡಿಸುತ್ತಾಳೆ. ಇವರು ನಿದ್ದೆಯಲ್ಲಿರುವಾಗಲೇ ಮಷಿನಿನಲ್ಲಿ ನೋಡಿಕೊಂಡು ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುವಿನ ಪದರಕ್ಕೆ ಮರಗಟ್ಟಿಸುವ ಮದ್ದು, ಅದು ಬಹಳ ಹೊತ್ತು ಹಿಡಿದು ನಿಲ್ಲಲಿ ಎಂದು ಅದರ ಜೊತೆಗೆ ಇನ್ನೊಂದು ಚೂರು. ಸಲಾಯಿನಿನಲ್ಲಿ ಮತ್ತೊಂದು, ಬಹಳ ಕಮ್ಮಿ. ಗಂಟೆ ನೋಡಿಕೊಂಡು ನಮ್ಮ ಜ್ವರದ ಪ್ಯಾರಾಸಿಟಮಾಲ್. ಜೋರಾದ ಮಾರ್ಫಿನ್ ಬೀಗದೊಳಗೆ ಇರುತ್ತದೆ, ನಂಬರು ಆರರ ಮೇಲೆ ಹೋದರೆ ಮಾತ್ರ ಹೊರಗೆ ಬರುತ್ತದೆ.

ಇವರ ಮುಖ ಅರಳಿತು. ಸಾಂಬಾರಿನ ಮಸಾಲೆಯ ಹಾಗೆಯೇ ಅಲ್ಲವಾ ಡಾಕ್ಟರ್ ಎಂದರು. ಮೆಣಸು, ಕೊತ್ತಂಬರಿ, ಮೆಂತ್ಯ ಎಲ್ಲ ಇರಬೇಕು, ಯಾವುದೂ ತಾನೇ ಮುಂದೆ ಬರಬಾರದು ಎಂದು ಹಿಂದಿಯಲ್ಲಿ ಹೇಳಿದರು. ಆ ಹುಡುಗಿ ಚಪ್ಪಾಳೆ ತಟ್ಟಿದಳು. ಹೊರಗೆ ಹನ್ನೆರಡು ಮಂದಿ ರೋಗಿಗಳು ಕಾಯುತ್ತಿದ್ದಾರೆ, ಒಳಗೆ ಇವರಿಬ್ಬರೂ ಕಾಲು ಗಂಟೆ ಮಸಾಲೆಯ ಮಾತಾಡಿದರು. ಮೂವತ್ತೆಂಟು ವರ್ಷ ಆ ಮನುಷ್ಯನಿಗೆ ನಾನು ಸಾಂಬಾರು ಬಡಿಸಿದ್ದೇನೆ. ಉಪ್ಪು ಸಾಲದು ಎಂಬುದಕ್ಕಿಂತ ಹೆಚ್ಚು ಒಂದು ಮಾತು ಆಡಿದವರಲ್ಲ. ಮನೆಯಲ್ಲಿ ಏನು ಹಚ್ಚುತ್ತಿದ್ದಿರಿ ಎಂದು ನನ್ನನ್ನೂ ಕೇಳಿದಳು ಅನ್ನು. ಎಳ್ಳೆಣ್ಣೆಯಲ್ಲಿ ನೆಕ್ಕಿ ಸೊಪ್ಪು, ಬೆಳ್ಳುಳ್ಳಿ ಕುದಿಸಿ ಕರ್ಪೂರ ಹಾಕುತ್ತೇನೆ ಎಂದೆ. ನನ್ನ ಅಂಗೈ ಹಿಡಿದು ಮೂಸಿ ಛಾನ್, ಚೆನ್ನಾಗಿದೆ ಎಂದಳು. ಕಾಗದದಲ್ಲಿ ಮಾತ್ರ ಬರೆದುಕೊಳ್ಳಲಿಲ್ಲ.

ನೀನು ಇಪ್ಪತ್ತು ವರ್ಷ ನಮ್ಮ ಎದುರು ಬಾಗಿಲಿನವಳಾಗಿದ್ದವಳು. ನನ್ನ ಸಂಸಾರ ನಿನಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಐದು ಇಪ್ಪತ್ತರ ಲೋಕಲ್ಲಿಗೆ ಹೋದರೆ ಇವರು ತಿರುಗಿ ಬರುತ್ತಿದ್ದದ್ದು ಊಟದ ಹೊತ್ತೂ ಮೀರಿದ ಮೇಲೆ. ರಜೆಯ ದಿನ ಸಂಘದ ತಾಳಮದ್ದಳೆ. ನಾನೆಂದರೆ ಬಾಗಿಲು ತೆಗೆಯುವ ಕೈ, ಅಷ್ಟೇ. ಅನುಷ್ಕಾ ಹುಟ್ಟಿದಾಗಲೂ ಹೋಟೆಲಿನಿಂದ ಮೂರನೇ ದಿನ ಬಂದರು. ಹನ್ನೊಂದು ವರ್ಷದ ಹಿಂದೆ ಬೆನ್ನು ಕೈಕೊಟ್ಟು, ಹೋಟೆಲಿನ ಲೀಲಾಧರಣ್ಣನ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಬಂದು ಚಾಪೆಯ ಮೇಲೆ ಬಿದ್ದಾಗ ಇವರು ಮೊತ್ತಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು.

ಅಲ್ಲಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಎಣ್ಣೆ. ಬೋರಲು ಮಲಗಿ, ಮುಖ ಗೋಡೆಯ ಕಡೆ ಮಾಡಿ, ಇವರು ಮಾತಾಡುತ್ತಿದ್ದರು. ಮುಖ ಕಾಣದಿದ್ದರೆ ಗಂಡಸಿಗೆ ಮಾತು ಬರುತ್ತದೆ ಎಂದು ಆಗ ಗೊತ್ತಾಯಿತು. ಹದಿನಾಲ್ಕನೇ ವಯಸ್ಸಿನಲ್ಲಿ ಊರು ಬಿಟ್ಟು ಠಾಣೆಗೆ ಬಂದು ಹೋಟೆಲಿನ ಅಟ್ಟದಲ್ಲಿ ಮಲಗುತ್ತಿದ್ದಾಗ, ಮೊದಲ ಒಂದು ತಿಂಗಳು ಹೆದರಿಕೆಗೆ ಚಾಪೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದರಂತೆ. ಉಳಿದವರು ಏಳುವ ಮೊದಲೇ ನಲ್ಲಿಯ ಕೆಳಗೆ ಚಾಪೆ ತೊಳೆದಿಡುತ್ತಿದ್ದರಂತೆ. ಹೆತ್ತ ತಾಯಿಗೂ ಹೇಳದ್ದನ್ನು ನನಗೆ ಹೇಳಿದರು. ಆ ಎಣ್ಣೆಯ ಅರ್ಧ ಗಂಟೆಯಲ್ಲಿ ನನಗೆ ಗಂಡ ಸಿಕ್ಕಿದರು ಸುಂದರಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆಪರೇಷನ್ನಿನ ದಿನ ನಾನೂ ಅನುಷ್ಕಾಳೂ ಹೊರಗಿನ ಬೆಂಚಿನ ಮೇಲೆ ಐದು ಗಂಟೆ ಕೂತಿದ್ದೆವು. ನಾನು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ. ಎಚ್ಚರವಾದ ಕೂಡಲೇ ನೋವಿನಿಂದ ಒದ್ದಾಡುತ್ತಾರೆ, ನನ್ನ ಮಣಿಕಟ್ಟನ್ನು ಹುಡುಕುತ್ತಾರೆ, ನಾನು ಕೈ ಕೊಡಬೇಕು ಎಂದು ಬಳೆಯನ್ನೂ ತೆಗೆದು ಪರ್ಸಿನಲ್ಲಿ ಹಾಕಿಕೊಂಡಿದ್ದೆ. ಎಚ್ಚರವಾಯಿತು. ಕಣ್ಣು ಬಿಟ್ಟರು, ಒಮ್ಮೆ ಛಾವಣಿ ನೋಡಿದರು, ನಕ್ಕರು. ನೋವು ಇಲ್ಲ ಎಂದರು. ನನಗೆ ಅಂಥ ಮುಖ ಈ ಹನ್ನೊಂದು ವರ್ಷದಲ್ಲಿ ನೋಡಿದ ನೆನಪೇ ಇಲ್ಲ. ಸಂತೋಷವಾಗಬೇಕಿತ್ತು. ಆದರೆ ಇವರ ಎರಡನೇ ಮಾತು, ಡಾಕ್ಟರ್ ಮಾನಸಿ ಎಲ್ಲಿ ಎಂಬುದು.

ಅವಳು ಬಂದಳು, "ಎಂಚ ಉಲ್ಲರ್ ಕಾಕಾ?" ಎಂದಳು. ಹೇಗಿದ್ದೀರಿ ಎಂಬುದನ್ನು ತುಳುವಿನಲ್ಲಿ ಕೇಳುವುದನ್ನು ಇವರು ಯಾವಾಗ ಕಲಿಸಿದರೋ. ಇವರು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು "ಅಪ್ಪೆ" ಎಂದರು. ಮಗಳನ್ನು ಒಂದು ದಿನವೂ ತಾಯೀ ಎಂದು ಕರೆದವರಲ್ಲ. ಅನುಷ್ಕಾ ನನ್ನ ಮುಖ ನೋಡಿದಳು. ಇವರು ಅಷ್ಟಕ್ಕೇ ಬಿಡದೆ ನನ್ನ ಕಡೆ ತಿರುಗಿ, ಹನ್ನೊಂದು ವರ್ಷ ನೀನು ತಿಕ್ಕಿದ್ದೇ ಬಂತು, ಈ ಮಗು ಒಂದೇ ಬೆಳಿಗ್ಗೆ ತೆಗೆದುಹಾಕಿತು ನೋಡು ಎಂದರು. ನಗುತ್ತಲೇ ಹೇಳಿದರು, ಕೊಂಕಿಲ್ಲದೆ ಹೇಳಿದರು. ಕೊಂಕಿದ್ದರೆ ಉತ್ತರ ಕೊಡಬಹುದಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರು ರೌಂಡಿಗೆ ಬರುವ ಮೊದಲು ಬಾಚಣಿಗೆ ಕೊಡು ಎಂದರು. ಆಸ್ಪತ್ರೆಯ ಆ ಹಸಿರು ಅಂಗಿಯಲ್ಲಿ, ಮೂಗಿನ ಹತ್ತಿರ ನಳಿಗೆ ಇಟ್ಟುಕೊಂಡು, ಬೈತಲೆ ತೆಗೆಸಿಕೊಂಡರು. ಪೌಡರ್ ಇದೆಯಾ ಎಂದು ಬೇರೆ ಕೇಳಿದರು. ಅನುಷ್ಕಾಗೆ ನಗು ತಡೆಯಲಿಲ್ಲ. ಅವಳು ಕನ್ನಡದಲ್ಲಿ ಎಲ್ಲಿ ಮಾತಾಡುತ್ತಾಳೆ, "ಮಮ್ಮಾ, ತೂ ಉಸ್ಸೇ ಜಲ್ತೀ ಹೈ ಕ್ಯಾ?" ಎಂದು ಕಿವಿಯಲ್ಲಿ ಕೇಳಿದಳು. ಹೊಟ್ಟೆ ಉರಿಯಲು ನನಗೇನು ಬೇರೆ ಕೆಲಸವಿಲ್ಲವಾ ಎಂದು ಗದರಿದೆ.

ಆವತ್ತೇ ಮಧ್ಯಾಹ್ನ ನಡೆದದ್ದನ್ನು ಬರೆಯಲು ಇಷ್ಟು ಸುತ್ತು ಹಾಕಿದೆ.

ಮೂರೂವರೆಗೆ ನಾನು ಗಂಜಿ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಇವರ ನಗು ಕೇಳಿಸಿತು. ಮಾನಸಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಇವರು ತಮ್ಮ ಹರಕು ಹಿಂದಿಯಲ್ಲಿ ಅವಳಿಗೆ ಆ ಚಾಪೆಯ ಕತೆ ಹೇಳುತ್ತಿದ್ದರು. ಹೋಟೆಲಿನ ಅಟ್ಟ, ಹೆದರಿಕೆ, ನಲ್ಲಿಯ ಕೆಳಗೆ ಚಾಪೆ ತೊಳೆದದ್ದು, ಒಂದೂ ಬಿಡದೆ. ನನಗೆ ಹೇಳುವಾಗ ಗೋಡೆಯ ಕಡೆ ಮುಖ ಮಾಡಿ, ತಡೆತಡೆದು ಹೇಳಿದ್ದರು. ಅವಳಿಗೆ ಮುಖ ನೋಡಿಕೊಂಡು, ತಮಾಷೆಯ ಹಾಗೆ ಹೇಳಿದರು. ಅವಳು ಎದ್ದು ಹೋಗುವಾಗ ಅವರ ಹೆಗಲು ತಟ್ಟಿ, ನನಗೆ ಬನ್ನಿ ಕಾಕು ಎಂದು ಜಾಗ ಬಿಟ್ಟುಕೊಟ್ಟಳು. ನನ್ನದೇ ಜಾಗವನ್ನು ನನಗೆ ಬಿಟ್ಟುಕೊಟ್ಟ ಹಾಗಾಯಿತು. ಆ ಕತೆ ನನ್ನದಾಗಿತ್ತು ಸುಂದರಿ. ನನ್ನ ಹತ್ತಿರ ಇದ್ದದ್ದೇ ಅದೊಂದು.

ಇವರಿಗೆ ಮಾತಾಡಿ ಆಯಾಸವಾಗಿ ಕಣ್ಣು ಎಳೆಯುತ್ತಿತ್ತು. ಎರಡು ಚಮಚ ಗಂಜಿ ಕುಡಿದು ಸಾಕೆಂದರು. ಪಾದಕ್ಕಾದರೂ ಎಣ್ಣೆ ತಿಕ್ಕೋಣ ಎಂದು ಬಾಟಲಿ ತೆಗೆದರೆ ನರ್ಸು ರಮಿತಾ ಬಂದು ಅದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದಳು. ಅವಳ ಕೈಯಲ್ಲಿ ನಾಲ್ಕು ಗಂಟೆಯ ಚಾರ್ಟು. ಕಾಕು, ಈಗ ನೋವು ಎಷ್ಟು ಎಂದು ಕೇಳಿದಳು.

ನಾನು ಎಂಟು ಎಂದೆ.

ಯಾಕೆ ಹೇಳಿದೆ ಎಂದು ಕೇಳಬೇಡ, ಯಾಕೆಂದು ನಿನಗೆ ಗೊತ್ತಿದೆ. ಆ ಹುಡುಗಿಯ ಮಸಾಲೆ ಸಾಲಲಿಲ್ಲ ಎಂದು ಚಾರ್ಟಿನಲ್ಲಿ ಬರಲಿ ಎನ್ನಿಸಿತು. ಇವರಿಗೆ ನೋವಿದೆ, ಅದು ನನಗೆ ಮಾತ್ರ ಕಾಣುತ್ತದೆ ಎಂದಾಗಲಿ ಎನ್ನಿಸಿತು. ರಮಿತಾಗೆ ಅನುಮಾನ ಬಂದಿರಬೇಕು, ಕಾಕಾ ಎಂದು ಇವರನ್ನೂ ಕರೆದಳು. ಇವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ನೋಡಿ, ಹೌದು ಎಂದು ತಲೆಯಾಡಿಸಿದರು. ಅವಳು ಯಾರಿಗೋ ಫೋನ್ ಮಾಡಿ ಕೇಳಿದಳು, ಬೀಗ ತೆಗೆಸಿದಳು, ಇನ್ನೊಬ್ಬಳ ಸಹಿ ಹಾಕಿಸಿದಳು, ಮಾರ್ಫಿನ್ ತಂದು ನಿಧಾನವಾಗಿ ನರಕ್ಕೆ ಬಿಟ್ಟಳು.

ಇವರು ಮಲಗಿದರು. ನಾನು ಕೈ ಹಿಡಿದುಕೊಂಡು ಕೂತೆ. ಹತ್ತು ನಿಮಿಷ ನನಗೆ ಬಹಳ ಸುಖವಾಗಿತ್ತು, ಅದನ್ನೂ ಬರೆಯುತ್ತೇನೆ. ಆಮೇಲೆ ಇವರ ಗೊರಕೆ ಉದ್ದವಾಯಿತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೊತ್ತು ಹಿಡಿಯತೊಡಗಿತು. ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮಷಿನು ಕೂಗಲು ಶುರುಮಾಡಿತು. ತೊಂಬತ್ತು ಇತ್ತು, ಎಂಬತ್ತಾರಾಯಿತು, ಎಂಬತ್ತೊಂದಾಯಿತು. ಏನ್ರೀ ಎಂದು ಅಲುಗಾಡಿಸಿದೆ. ತುಟಿ ನೇರಳೆಯಾಗಿತ್ತು. ನಾನು ಕಿರುಚಿದ್ದು ನನಗೆ ಗೊತ್ತಿಲ್ಲ, ಪಕ್ಕದ ವಾರ್ಡಿನವರು ಹೇಳಿದ್ದು. ರಮಿತಾ ಓಡಿಬಂದು ಮುಖಕ್ಕೆ ಮಾಸ್ಕ್ ಒತ್ತಿದಳು. ಮಾನಸಿ ಬಂದವಳು ಇವರ ಹೆಗಲನ್ನು ಬಲವಾಗಿ ಅಲುಗಿಸಿ, "ಕಾಕಾ, ಶ್ವಾಸ ಘ್ಯಾ, ಶ್ವಾಸ ಘ್ಯಾ" ಎಂದು ಉಸಿರಾಡಿಸುತ್ತ, ಆ ಮದ್ದನ್ನು ಮುರಿಯುವ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ದೇವರ ಹೆಸರು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಇವರು ಒಂದು ದೊಡ್ಡ ಉಸಿರು ಎಳೆದುಕೊಂಡು ಕೆಮ್ಮಿದರು.

ಅರ್ಧ ಗಂಟೆಯ ನಂತರ ಅವಳು ನನ್ನನ್ನು ಹೊರಗೆ ಕರೆದಳು. ಕ್ಲಿಪ್ ಕಳಚಿ ಕೂದಲೆಲ್ಲ ಹೆಗಲ ಮೇಲೆ ಬಿದ್ದಿತ್ತು. ಹಿಂದಿಯಲ್ಲಿ, ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಹೇಳಿದಳು: "ಕಾಕು, ನೋವು ಇದ್ದರೆ ಆ ಮದ್ದು ನೋವಿನ ಮೇಲೆ ಕೆಲಸ ಮಾಡುತ್ತದೆ. ನೋವು ಇಲ್ಲದ ಮೈಯಲ್ಲಿ ಉಸಿರಿನ ಮೇಲೆ ಮಾಡುತ್ತದೆ. ನಿಜವಾಗಿ ಎಂಟು ಇತ್ತಾ?"

ಇಲ್ಲ ಎಂದೆ. ಎಷ್ಟಿತ್ತು ಎಂದಳು. ಇರಲೇ ಇಲ್ಲ ಎಂದೆ. ಯಾಕೆ ಹೇಳಿದಿರಿ ಎಂದಳು. ನಿನಗೆ ಚಾಪೆಯ ಕತೆ ಹೇಳಿದರಲ್ಲ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು, ಒಬ್ಬರ ನೋವನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ನನ್ನ ತಪ್ಪು, ಹಾಗೆಂದು ಫೈಲಿನಲ್ಲಿ ಬರೆಯುತ್ತೇನೆ ಎಂದಳು. ಬರೆದಳು ಕೂಡ. ಮರುದಿನದಿಂದ ಇವರನ್ನೇ ಕೇಳತೊಡಗಿದರು. ಠೀಕ್ ಹೈ ಎಂದರೆ ನಡೆಯುವುದಿಲ್ಲ ಕಾಕಾ, ಬೆರಳು ತೋರಿಸಿ ಎಂದು ಅವಳೇ ಹಟ ಹಿಡಿದು ಕಲಿಸಿದಳು. ಇವರು ಎರಡು ಬೆರಳು, ಒಂದು ಬೆರಳು ಎಂದು ಶಾಲೆಯ ಹುಡುಗನ ಹಾಗೆ ತೋರಿಸುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಅವಳು ಇವರಿಗೆ ನಾನು ಹೇಳಿದ್ದು ಸುಳ್ಳು ಎಂದು ಇವತ್ತಿನವರೆಗೂ ಹೇಳಿಲ್ಲ. ಆ ಒಳ್ಳೆಯತನವನ್ನೂ ನನಗೆ ನೋಡಲಾಗುವುದಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ, ಆವತ್ತು ನೀವು ಯಾಕೆ ತಲೆಯಾಡಿಸಿದಿರಿ ಎಂದು. ಇವರು ಪೇಪರಿನಿಂದ ಮುಖ ಎತ್ತಲಿಲ್ಲ.

"ನೀನು ಎಂಟು ಅಂದಿಯಲ್ಲ ಮಾರಾಯ್ತಿ. ನನಗೇನೂ ಗೊತ್ತಾಗ್ತಿರ್ಲಿಲ್ಲ. ನಿನಗೆ ಗೊತ್ತುಂಟು, ಇರ್ಬೇಕು ಅಂತ ಕಂಡಿತು" ಎಂದರು.

ಈಗ ಇವರ ಸಾಕ್ಸ್ ಇವರೇ ಹಾಕಿಕೊಳ್ಳುತ್ತಾರೆ. ಆರು ಗಂಟೆಗೆ ಅಂಗಳಕ್ಕೆ ಇಳಿಯುತ್ತಾರೆ. ಎಣ್ಣೆಯ ಆ ಅರ್ಧ ಗಂಟೆ ಖಾಲಿ ಬಿದ್ದಿದೆ, ನಾನು ಸೊಪ್ಪು ಸೋಸುತ್ತ ಕೂರುತ್ತೇನೆ. ವಾಟ್ಸಾಪಿನಲ್ಲಿ ದಿನಾ ಅವಳಿಗೆ ಗುಲಾಬಿ ಹೂವಿನ ಸುಪ್ರಭಾತ ಹೋಗುತ್ತದೆ. ಹೋದ ವಾರ ಅವಳನ್ನು ಊಟಕ್ಕೆ ಕರೆದಿದ್ದರು. ಕೋಳಿ ಸಾರಿನ ಮಸಾಲೆ ತಾವೇ ನಿಂತು ಹುರಿದರು. ಅವಳು ನೀರುದೋಸೆ ಒಂಬತ್ತು ತಿಂದಳು, ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಒಳ್ಳೆಯದಾಗಲಿ ಎಂದೆ. ಬಾಯಿ ಹೇಳಿತು, ಮನಸ್ಸು ಹೇಳಲಿಲ್ಲ.

ಇನ್ನು ನೆಕ್ಕಿ ಸೊಪ್ಪು ಕಳಿಸಬೇಡ. ಮುಂದಿನ ಸಂಕಷ್ಟಿಗೆ ನಾವಿಬ್ಬರೂ ಟಿಟ್ವಾಳಾಕ್ಕೆ ಬರುತ್ತಿದ್ದೇವೆ. ನಡೆದೇ ಬಂದು ಗಣಪತಿಗೆ ಕೈಮುಗಿಯುತ್ತೇನೆ ಎಂದು ಇವರು ಹರಸಿಕೊಂಡಿದ್ದರು. ದೇವಸ್ಥಾನದಿಂದ ನೇರ ನಿನ್ನ ಮನೆಗೆ. ಉ‍ಪವಾಸ ಮುಗಿಯುವವರೆಗೆ ಇರುತ್ತೇವೆ, ಸಾಬೂದಾನದ ಖಿಚಡಿ ಮಾಡಿಡು, ಶೇಂಗಾ ಜಾಸ್ತಿ ಹಾಕಬೇಡ. ಮನೀಶನಿಗೂ ಸೊಸೆಗೂ ನನ್ನ ಆಶೀರ್ವಾದ. ಪ್ರೇಕ್ಷಾಗೆ ಒಳ್ಳೆಯ ನಂಬರು ಬರಲಿ, ಒಳ್ಳೆಯ ಬುದ್ಧಿಯೂ ಇರಲಿ. ನೀನು ಮೊಣಕಾಲು ನೋಡಿಕೊಂಡು ಮೆಟ್ಟಿಲು ಇಳಿ. ನಿನ್ನಂಥವಳು ನನಗೆ ಇನ್ನೊಬ್ಬಳಿಲ್ಲ, ಆ ಗಣಪತಿ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ
ಜಯಾ (ಜಯಲತಾ)

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬರೆಯಬೇಕಾದದ್ದನ್ನೇ ಬರೆದಿರಲಿಲ್ಲ.

ಆರು ವರ್ಷದ ಹಿಂದೆ ಸಾನಪಾಡಾದ ಬೆನ್ನಿನ ಡಾಕ್ಟರ ಕ್ಲಿನಿಕ್ಕಿಗೆ ಇವರನ್ನು ಕರೆದುಕೊಂಡು ಹೋದಾಗ ನೀನೂ ಬಂದಿದ್ದೆ. ಆವತ್ತು ಬೆಳಿಗ್ಗೆ ಇವರು ಬಚ್ಚಲಲ್ಲಿ ಬಿದ್ದು ಏಳಲಾಗದೆ ಅಳುತ್ತಿದ್ದಾಗ ನೀನೇ ಬಂದು ನನ್ನ ಜೊತೆ ಎತ್ತಿದ್ದೆ. ಆ ಡಾಕ್ಟರೂ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದ್ದರು. ಇವರು ಠೀಕ್ ಹೈ ಎಂದರು, ಡಾಕ್ಟರು ನನ್ನ ಮುಖ ನೋಡಿದರು. ನಾನು ಮೂರು ಎಂದೆ. ಹಾಗಾದರೆ ಆಪರೇಷನ್ನಿಗೆ ಅವಸರವಿಲ್ಲ, ಬೆಲ್ಟ್ ಕಟ್ಟಿ, ವ್ಯಾಯಾಮ ಮಾಡಿಸಿ ಎಂದು ಕಳಿಸಿಬಿಟ್ಟರು. ಹೋಗುವಾಗ ರೈಲಿನಲ್ಲಿ ಇವರು ಏನು ಹೇಳಿದ್ದರು ಎಂದು ನಿನಗೆ ನೆನಪಿರಬೇಕು. ಆಪರೇಷನ್ ಆದರೆ ಎರಡು ತಿಂಗಳಲ್ಲಿ ತಿರುಗಿ ಹೋಟೆಲಿಗೆ ಹೋಗುತ್ತೇನೆ, ಮಾಲಕರು ಗಲ್ಲೆಯ ಕುರ್ಚಿ ಹಾಗೇ ಇಟ್ಟಿದ್ದಾರೆ ಎಂದಿದ್ದರು. ನನಗೆ ಆ ಕುರ್ಚಿಯ ಮೇಲೂ ಹೊಟ್ಟೆಕಿಚ್ಚಿತ್ತು. ತಿರುಗಿ ಬರುವಾಗ ನೀನು ಠಾಣೆಯವರೆಗೂ ಕಿಟಕಿಯ ಆಚೆ ನೋಡುತ್ತ ಕೂತಿದ್ದೆ. ಒಂದು ಮಾತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಎಡಗಾಲಿನ ಹೆಬ್ಬೆರಳು ಏಳುತ್ತಿಲ್ಲ. ಆ ನರ ಒಣಗಿಹೋಗಿದೆ, ಇನ್ನು ತಿರುಗಿ ಬರುವುದು ಕಷ್ಟ, ಐದಾರು ವರ್ಷ ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದು ದೊಡ್ಡ ಡಾಕ್ಟರು ಹೇಳಿದರು. ಮಾನಸಿಯೂ ಅಲ್ಲೇ ಇದ್ದಳು. ಆಗ ಯಾಕೆ ಮಾಡಿಸಲಿಲ್ಲ ಕಾಕಾ ಎಂದು ಕೇಳಿದಳು.

ಇವರು ನಗುತ್ತ, "ಆಗ ಅಷ್ಟು ನೋವಿರಲಿಲ್ಲ ಅಪ್ಪೆ. ಮೂರೇ ಇದ್ದದ್ದು. ಜಯಾಗೆ ಗೊತ್ತುಂಟು" ಎಂದರು.

ಬಚ್ಚಲಲ್ಲಿ ಅತ್ತದ್ದನ್ನೂ ಮರೆತಿದ್ದಾರೆ ಸುಂದರಿ. ನಾನು ಹೇಳಿದ ಮೂರು ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಸಂಕಷ್ಟಿಯ ದಿನ ನಿನ್ನ ಮನೆಯಲ್ಲಿ ಕೂತು ಇವರಿಗೆ ಎಲ್ಲ ಹೇಳುತ್ತೇನೆ. ನಿನ್ನ ಎದುರಿಗೇ ಹೇಳಬೇಕು, ಒಬ್ಬಳೇ ಆದರೆ ನನ್ನಿಂದಾಗುವುದಿಲ್ಲ. ನನ್ನ ಬಾಯಿ ನನಗೆ ಗೊತ್ತು, ಕೊನೆಯ ಗಳಿಗೆಯಲ್ಲಿ ಆವತ್ತು ನಾಲ್ಕೋ ಐದೋ ಇತ್ತು ಎಂದುಬಿಡುತ್ತದೆ. ಇವರು ಅದನ್ನೂ ನಂಬುತ್ತಾರೆ. ಹಾಗೇನಾದರೂ ಅಂದರೆ ಈ ಸಲ ನೀನು ಕಿಟಕಿಯ ಆಚೆ ನೋಡಬೇಡ. ಒಂಬತ್ತು ಇತ್ತು ಎಂದು ನೀನೇ ಹೇಳು.